ಶೂ ಒಳಗಿನ ಆಸರೆ

ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಹಳೆಯ ಶೂ ತಿರುವಿ ನೋಡಿದರೆ ನಡಿಗೆಯ ಕಥೆ ಅಲ್ಲೇ ಸಿಗುತ್ತದೆ. ಹಲವರದರಲ್ಲಿ ಒಳಮಗ್ಗುಲು ಸವೆದಿರುತ್ತದೆ. ಕೆಲವರದರಲ್ಲಿ ಮುಂತುದಿ ತೂತಾಗಿದ್ದರೂ ಹಿಮ್ಮಡಿ ಹೊಸದರಂತೆಯೇ ಇರುತ್ತದೆ.

ಈ ಮಕ್ಕಳಿಗೆ ಪೆಟ್ಟು ಬಿದ್ದಿರುವುದು ಕಾಲಿಗಲ್ಲ, ಮಿದುಳಿಗೆ. ಗರ್ಭದಲ್ಲೋ, ಹೆರಿಗೆಯ ಹೊತ್ತಿಗೋ, ಎಳೆಗೂಸಾಗಿದ್ದಾಗಲೋ. ಆ ಪೆಟ್ಟು ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಬಿಗಿದ ಸ್ನಾಯುಗಳು ಬೆಳೆಯುವ ಎಲುಬನ್ನು ದಿನವೂ ಎಳೆಯುತ್ತವೆ. ಮೀನಖಂಡ ಬಿಗಿದು ಹಿಮ್ಮಡಿ ನೆಲ ಮುಟ್ಟದಿದ್ದರೆ, ಮೈಭಾರಕ್ಕೆ ಪಾದದ ನಡುಭಾಗ ಕುಸಿದು ಅಂಗಾಲಿನ ಕಮಾನು ನೆಲಕ್ಕೆ ತಾಗುತ್ತದೆ. ಎಲ್ಲ ಮಕ್ಕಳ ಪಾದವೂ ಮೊದಲು ಚಪ್ಪಟೆಯೇ, 5-6 ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಕಮಾನು ಮೂಡುತ್ತದೆ, ನಿಜ. ಆದರೆ ‘ಬೆಳೆದಂತೆ ಸರಿಹೋಗುತ್ತೆ ಬಿಡಿ’ ಎಂಬ ಅದೇ ಸಮಾಧಾನವನ್ನು ಈ ಮಕ್ಕಳ ತಾಯಂದಿರಿಗೂ ಹೇಳಿ ಕಳಿಸುವುದು ಅನ್ಯಾಯ.

ಹೀಗೆ ಕುಸಿದ ಪಾದಕ್ಕೆ ಶೂ ಒಳಗೆ ಕೊಡುವ ಆಸರೆಯೇ ಇನ್‌ಸೋಲ್. ಅದೆಂದರೆ ಕಮಾನಿನ ಕೆಳಗೆ ಮೆತ್ತೆ ಇಡುವುದಷ್ಟೇ ಅಲ್ಲ. ಹಿಮ್ಮಡಿಯನ್ನು ಬಟ್ಟಲಿನಂತೆ ಸುತ್ತಲೂ ಹಿಡಿದು ನೇರ ನಿಲ್ಲಿಸಬೇಕು. ಹಿಮ್ಮಡಿ ವಾಲಿದರೆ ಕಮಾನಿನ ಆಸರೆ ವ್ಯರ್ಥ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ರೂಪುಗೊಂಡ ‘ಯುಸಿಬಿಎಲ್’ ಇನ್‌ಸೋಲ್ ಇದೇ ತತ್ವದ್ದು. ಪಾದವನ್ನು ನೇರ ಹಿಡಿದು ಪ್ಲಾಸ್ಟರ್ ಅಚ್ಚು ತೆಗೆದು, ಅದರ ಮೇಲೆ ಪ್ಲಾಸ್ಟಿಕ್ ಕೂರಿಸುತ್ತಾರೆ. ಅಂಗಡಿಯಲ್ಲಿ ನಂಬರು ನೋಡಿ ಕೊಳ್ಳುವ ಮೆತ್ತೆ ಈ ಕೆಲಸ ಮಾಡದು.

ಎಲ್ಲರಿಗೂ ಇನ್‌ಸೋಲ್ ಸಲ್ಲುವುದಿಲ್ಲ. ತಾವಾಗಿ ನಡೆಯುವ, ಕೈಯಿಂದ ತಿದ್ದಿದರೆ ನೇರಕ್ಕೆ ಬರುವ ಪಾದದ ಮಕ್ಕಳಿಗೆ ಪ್ರಯೋಜನ ಹೆಚ್ಚು. ಮೀನಖಂಡ ತೀರಾ ಬಿಗಿದಿದ್ದಾಗ ಕಮಾನನ್ನು ಒತ್ತಿ ಎತ್ತಿದರೆ ಹುಣ್ಣಾಗುತ್ತದೆ. ಅಂಥವರಿಗೆ ಕಣಕಾಲನ್ನೂ ಹಿಡಿಯುವ ‘ಎಎಫ್‌ಒ’ ಸಾಧನ, ಸ್ನಾಯು ಎಳೆಯುವ ವ್ಯಾಯಾಮ, ಬೊಟಾಕ್ಸ್ ಚುಚ್ಚುಮದ್ದು, ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಇನ್‌ಸೋಲ್ ಪಾದವನ್ನು ಹಿಡಿದು ನಿಲ್ಲಿಸುತ್ತದೆ, ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಮಗು ಸುಸ್ತಾಗದೆ, ಎಡವದೆ ಹೆಚ್ಚು ದೂರ ನಡೆಯುತ್ತಿದೆಯೇ ಎಂಬುದೇ ಅದರ ಪರೀಕ್ಷೆ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕು. ಶೂ ಬಾಗಿಲ ಹೊರಗೇ ಉಳಿಯುತ್ತದೆ. ಎಷ್ಟೋ ಶಾಲೆಗಳಲ್ಲಿ ತರಗತಿಯ ಹೊರಗೂ. ದಿನದ ಹೆಚ್ಚಿನ ಹೆಜ್ಜೆಗಳನ್ನು ಮಗು ಬರಿಗಾಲಲ್ಲೇ ಇಡುತ್ತದೆ. ಮನೆಯೊಳಗೆ ಹಾಕಲೆಂದೇ ಒಂದು ಜೊತೆ ಶೂ ಇಟ್ಟುಬಿಡಿ. ಅಜ್ಜಿಗೂ ಮೇಷ್ಟ್ರಿಗೂ ತಿಳಿಸಿ ಹೇಳಿ. ಮಗುವಿಗೆ ಅದು ಚಪ್ಪಲಿಯಲ್ಲ, ಕಾಲಿನ ಭಾಗ.

ಹತ್ತಿ ಕಾಲುಚೀಲ ಹಾಕಿಸಿ, ಮೊದಲ ದಿನಗಳಲ್ಲಿ ಇನ್‌ಸೋಲ್ ಇರುವ ಶೂ ತುಸು ಹೊತ್ತು ಮಾತ್ರ ತೊಡಿಸಿ. ಕಳಚಿ ಅರ್ಧ ಗಂಟೆಯಾದರೂ ಕೆಂಪು ಗುರುತು ಮಾಸದಿದ್ದರೆ ಮಾಡಿಕೊಟ್ಟವರ ಬಳಿಗೆ ಹೋಗಿ. ಪಾದ ಬೆಳೆದಂತೆ ಹೊಸ ಅಳತೆ ಬೇಕೇಬೇಕು.

ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಇಂಥ ಸಾಧನಗಳನ್ನು ತಯಾರಿಸುತ್ತದೆ. ಕೇಂದ್ರ ಸರ್ಕಾರದ ಅಡಿಪ್ ಯೋಜನೆ ಇರುವುದೂ ಅಂಗವಿಕಲರಿಗೆ ಸಾಧನ ಒದಗಿಸಲೆಂದೇ. ಅದರ ಬಗ್ಗೆ ವಿಚಾರಿಸಿ. ಎಲ್ಲಿಗೇ ಹೋಗಿ, ಅಚ್ಚು ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಿ: ಮೀನಖಂಡದ ಬಿಗಿತ ನೋಡಿದಿರಾ?