ಭತ್ತದ ಗದ್ದೆಯಲ್ಲಿ ನೀರು ಸದಾ ನಿಂತಿರಬೇಕೆ?



2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಮರುವರ್ಷ ಹೊಸಪೇಟೆಯ ತುಂಗಭದ್ರಾ ಜಲಾಶಯ ತುಂಬಿತು. ಆದರೆ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ಕಡಿದು, ಗೇಟು ಕೊಚ್ಚಿಹೋಗಿ, ಕೂಡಿಟ್ಟ ನೀರು ನದಿಯ ಪಾಲಾಯಿತು. ಒಂದು ವರ್ಷ ನೀರು ಬರಲಿಲ್ಲ, ಇನ್ನೊಂದು ವರ್ಷ ಬಂದದ್ದು ನಿಲ್ಲಲಿಲ್ಲ.

ಇದರೊಂದಿಗೆ ಹೂಳಿನ ಕಾಟ. ಮೊದಲು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯದಲ್ಲಿ 2016ರ ಸಮೀಕ್ಷೆಯಂತೆ ಸುಮಾರು 105.8 ಟಿ.ಎಂ.ಸಿ.ಗಷ್ಟೇ ಜಾಗವಿದೆ. ಮಳೆ ಕೆಲವೇ ದಿನಗಳಲ್ಲಿ ಸುರಿದು ಹೋದರೆ ಹೆಚ್ಚಿನದನ್ನು ಹಿಡಿದಿಡುವಂತಿಲ್ಲ. ಹೀಗಾಗಿ ಎರಡನೇ ಬೆಳೆಯ ನೀರನ್ನು ನಂಬಿ ಕೂರುವ ಕಾಲ ಇದಲ್ಲ.

ಹಾಗಾದರೆ ನಮ್ಮ ಕೈಯಲ್ಲಿರುವುದೇನು? ಗದ್ದೆಯ ನೀರು. ಹಂಪಿಯ ತುರ್ತಾ ಕಾಲುವೆಯ ಕೆಳಗಾಗಲಿ, ಕಂಪ್ಲಿಯಲ್ಲಾಗಲಿ, ಭತ್ತಕ್ಕೆ ದಿನವೂ ನೀರು ನಿಲ್ಲಿಸಬೇಕಾಗಿಲ್ಲ. ನೀರು ಕಟ್ಟಿ, ಇಂಗಲು ಬಿಟ್ಟು, ಮತ್ತೆ ಕಟ್ಟುವ ಪದ್ಧತಿಯಿಂದ ಇಳುವರಿ ಕುಂದದಂತೆ ಶೇಕಡಾ 30ರವರೆಗೂ ನೀರು ಉಳಿಸಬಹುದು.

ಮಾಡುವ ಕ್ರಮ ಹೀಗಿದೆ:

1. ಒಂದು ಅಡಿ ಉದ್ದದ ಅಗಲವಾದ ಪಿ.ವಿ.ಸಿ. ಕೊಳವೆ ತೆಗೆದುಕೊಂಡು ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆಯಿರಿ. ಆ ಅರ್ಧವನ್ನು ಗದ್ದೆಯಲ್ಲಿ ಹೂತು, ಒಳಗಿನ ಮಣ್ಣು ತೆಗೆಯಿರಿ.

2. ನಾಟಿಯಾದ ಮೊದಲ ಎರಡು ವಾರ ಎಂದಿನಂತೆ ನೀರು ನಿಲ್ಲಿಸಿ. ಕಳೆ ಹೆಚ್ಚಿದ್ದರೆ ಇನ್ನೊಂದು ವಾರ ಮುಂದುವರಿಸಿ.

3. ಆಮೇಲೆ ಕೊಳವೆಯಲ್ಲಿ ನೀರು ನೆಲಮಟ್ಟದಿಂದ ಅರ್ಧ ಅಡಿ ಕೆಳಗಿಳಿದಾಗ ಮಾತ್ರ ಎರಡು ಅಂಗುಲ ನೀರು ಕಟ್ಟಿ.

4. ಹೂ ಬಿಡುವ ಒಂದು ವಾರ ಮೊದಲಿನಿಂದ ಒಂದು ವಾರ ನಂತರದವರೆಗೆ ಎರಡು ಅಂಗುಲ ನೀರು ನಿಂತಿರಲೇಬೇಕು. ಆಗ ಒಣಗಿಸಿದರೆ ಕಾಳು ಜೊಳ್ಳಾಗುತ್ತದೆ.

ಎಚ್ಚರಿಕೆಯ ಮಾತು: ಎರೆಭೂಮಿ ಆಳವಾಗಿ ಬಿರಿಯಲು ಬಿಡಬೇಡಿ, ಬಿರುಕಿನಲ್ಲಿ ನೀರೆಲ್ಲ ಇಳಿದುಹೋಗುತ್ತದೆ. ನಿಮ್ಮ ತೂಬಿನ ಸರದಿ ಎಂದು ಬರುತ್ತದೆಂದು ತಿಳಿದುಕೊಂಡೇ ಗದ್ದೆ ಒಣಗಲು ಬಿಡಿ. ಮೊದಲ ವರ್ಷ ಒಂದೇ ಮಡಿಯಲ್ಲಿ ಮಾಡಿ ನೋಡಿ.

ಸಂಡೂರು ಕಡೆಯ ಮಳೆಯಾಶ್ರಿತ ಹೊಲದವರಿಗೆ ಬದುವೇ ಜಲಾಶಯ. ಮುಂಗಾರಿಗೆ ಮೊದಲೇ ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿಸಿ, ತಗ್ಗಿನಲ್ಲಿ ಕೃಷಿಹೊಂಡ ತೋಡಿಸಿ.

ಅತಿ ನೀರಿನಿಂದ ಕಾಲುವೆಯ ಮೇಲ್ಭಾಗದವರ ಭೂಮಿ ಸವಳಾಗುತ್ತದೆ. ಕೊನೆಭಾಗದವರ ಬೆಳೆ ಒಣಗುತ್ತದೆ. ನೀವು ಉಳಿಸಿದ ನೀರು ಇಬ್ಬರನ್ನೂ ಕಾಯುತ್ತದೆ. ಹೆಚ್ಚಿನ ವಿವರಗಳಿಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.