ವಿಳಾಸ ಹೇಳಿದ ಸುಳಿವು

1920–30ರ ದಶಕಗಳಲ್ಲಿ ಕಂಪ್ಯೂಟರ್ ಇಲ್ಲದೆ ಇಂಗ್ಲೆಂಡಿನ ನಗರಗಳಲ್ಲಿ ಸೋಂಕುರೋಗದ ಜಾಡು ಹಿಡಿಯುತ್ತಿದ್ದುದು ಹೇಗೆ?

ಮುಖ್ಯವಾಗಿ ರೋಗಿಯ ವಿಳಾಸದಿಂದ. 1889ರಲ್ಲಿ ಬಂದ ಕಾಯ್ದೆಯಂತೆ ಡಿಫ್ತೀರಿಯಾ, ಸಿಡುಬು, ಟೈಫಾಯ್ಡ್‌ನಂಥ ಕಾಯಿಲೆ ಕಂಡ ವೈದ್ಯರು ಸ್ಥಳೀಯ ಆರೋಗ್ಯಾಧಿಕಾರಿಗೆ ತಕ್ಷಣ ಚೀಟಿ ಕಳಿಸಬೇಕಿತ್ತು. ಅದಕ್ಕೆ ಅವರಿಗೆ ಶುಲ್ಕವೂ ಸಿಗುತ್ತಿತ್ತು. ಚೀಟಿ ತಲುಪಿದ ಮೇಲೆ ನೈರ್ಮಲ್ಯ ಇನ್‌ಸ್ಪೆಕ್ಟರ್ ರೋಗಿಯ ಮನೆಗೆ ಹೋಗಿ ಮಕ್ಕಳ ಶಾಲೆ ಯಾವುದು, ಹಾಲು ಎಲ್ಲಿಂದ ಬರುತ್ತದೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು.

ಎಷ್ಟೋ ಬಡವರು ವೈದ್ಯರನ್ನೇ ಕಾಣುತ್ತಿರಲಿಲ್ಲ, ಹಾಗಾಗಿ ಲೆಕ್ಕವೇ ಅಪೂರ್ಣವಲ್ಲವೇ ಎನ್ನಬಹುದು. ನಿಜ. ಆದರೆ ಅಡುಗೆಮನೆಯ ಇರುವೆ ಸಾಲು ಹಿಡಿದು ಬೆಲ್ಲದ ಡಬ್ಬಿ ಹುಡುಕಲು ಇರುವೆಗಳನ್ನೆಲ್ಲ ಎಣಿಸಬೇಕಿಲ್ಲ, ಸಾಲಿನ ದಿಕ್ಕು ತಿಳಿದರೆ ಸಾಕು. 1937ರಲ್ಲಿ ಲಂಡನ್ ಬಳಿಯ ಕ್ರಾಯ್ಡನ್‌ನಲ್ಲಿ ಟೈಫಾಯ್ಡ್ ಹಬ್ಬಿದಾಗ ರೋಗಿಗಳ ಮನೆಗಳು ಆಡಿಂಗ್ಟನ್ ಬಾವಿಯ ನೀರು ಹರಿಯುವ ಬಡಾವಣೆಗಳತ್ತಲೇ ಬೊಟ್ಟುಮಾಡಿದವು. ಬಾವಿಯಲ್ಲಿ ದುರಸ್ತಿ ನಡೆದಾಗ ಸೋಸುವಿಕೆ, ಕ್ಲೋರಿನ್ ಎರಡೂ ನಿಂತಿದ್ದವು. ಕೆಲಸಗಾರರಲ್ಲೊಬ್ಬರು ತಮಗೇ ತಿಳಿಯದ ರೋಗವಾಹಕರಾಗಿದ್ದರು. ದುರಸ್ತಿಯ ವಿಷಯ ಆರೋಗ್ಯಾಧಿಕಾರಿಗೆ ಮೊದಲೇ ಗೊತ್ತಿರಲಿಲ್ಲ. 40ಕ್ಕೂ ಹೆಚ್ಚು ಜನ ಸತ್ತರು. ಚೀಟಿಗಳ ಪಕ್ಕದಲ್ಲಿ ನೀರಿನ ಕೊಳವೆಗಳ ನಕ್ಷೆ, ದುರಸ್ತಿಯ ದಿನಚರಿ ಮೊದಲೇ ಇದ್ದಿದ್ದರೆ ಕೆಲವರಾದರೂ ಉಳಿಯುತ್ತಿದ್ದರೆಂದೇ ನನ್ನ ನಂಬಿಕೆ.

ದಡಾರಕ್ಕೆ ಮಾತ್ರ ಈ ವಿಧಾನ ಅಷ್ಟಾಗಿ ಒದಗಲಿಲ್ಲ. ಮೈಮೇಲೆ ದದ್ದು ಏಳುವ ಮೊದಲೇ ಅದು ಪಕ್ಕದ ಮಗುವಿಗೆ ಅಂಟಿರುತ್ತಿತ್ತು. ರೋಗ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತಿತ್ತು.