ಹೊರಗಿನ ಬೋರ್ಡು, ಒಳಗಿನ ಪಾಠ

ಪ್ರೋಗ್ರಾಮಿಂಗ್ ಭಾಷೆಗಳ ಹಿಂದೆ ಯಾರದೋ ಯೋಚನೆಯ ಕ್ರಮವಿದೆ. ಐದು ನುಡಿಗಳ ನಡುವೆ ಬೆಳೆಯುವ ಬೀದರ್ ಸೀಮೆಯ ಮಗು ಅಲ್ಲಿಗೆ ಬರಿಗೈಯಲ್ಲಿ ಹೋಗುವುದಿಲ್ಲ.

‘ಭಾಲ್ಕಿ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಎರಡನೇ ತರಗತಿಯ ಮಗುವನ್ನು ಕೇಳಿದರೆ ‘ಭಾ’ ಒಂದು, ‘ಲ್ಕಿ’ ಒಂದು ಎಂದು ಬೆರಳು ಮಡಚಿ, ಎರಡು ಎನ್ನುತ್ತದೆ. ಪೈಥಾನ್ ಭಾಷೆಯನ್ನು ಕೇಳಿದರೆ ಆರು ಎನ್ನುತ್ತದೆ: ಭ, ಅದರ ಇಳಿ, ಲ, ಹಲಂತ, ಕ, ಅದರ ಗುಡಿಸು. ಸಿ ಭಾಷೆಯನ್ನು ಕೇಳಿದರೆ ಉತ್ತರ ಹದಿನೆಂಟು. ಏಕೆಂದರೆ ಅದು ಎಣಿಸುವುದು ಬೈಟ್‌ಗಳನ್ನು, ಮತ್ತು ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಸಾಕು.

ಈಗ ಅದೇ ಪದವನ್ನು ಹಿಂದುಮುಂದಾಗಿ ಬರೆಯಲು ಹೇಳಿ. ಮಗು ‘ಲ್ಕಿಭಾ’ ಎಂದು ಬರೆಯುತ್ತದೆ. ಪೈಥಾನ್‌ಗೆ ಹೇಳಿದರೆ ಮೊದಲಿಗೆ ಅಕ್ಷರವೇ ಇಲ್ಲದ ಒಂಟಿ ಗುಡಿಸು, ಆಮೇಲೆ ‘ಕ್ಲಾಭ’. ಓದಲು ಬಾರದ ಪದ. ಯಂತ್ರ ಇಲ್ಲಿ ಲೆಕ್ಕ ತಪ್ಪಿಲ್ಲ. ಅಕ್ಷರ ಎಂದರೇನು ಎಂಬ ಪ್ರಶ್ನೆಗೆ ಆ ಭಾಷೆಯನ್ನು ಕಟ್ಟಿದವರು ತಮ್ಮ ಲಿಪಿಯನ್ನು ಮನಸ್ಸಿನಲ್ಲಿಟ್ಟು ಒಂದು ಉತ್ತರ ಕೊಟ್ಟುಬಿಟ್ಟಿದ್ದಾರೆ, ಅಷ್ಟೇ. ರೋಮನ್ ಲಿಪಿಯಲ್ಲಿ ಅಕ್ಷರಗಳು ಸಾಲಾಗಿ ನಿಲ್ಲುತ್ತವೆ. ನಮ್ಮಲ್ಲಿ ಒಂದರ ತಲೆಯ ಮೇಲೊಂದು, ಕಾಲಡಿಗೊಂದು ಕೂಡಿ ಒಂದಾಗುತ್ತವೆ.

ನಾನು ಔರಾದ ತಾಲ್ಲೂಕಿನಲ್ಲಿ ಹುಟ್ಟಿ, ಭಾಲ್ಕಿಯಲ್ಲಿ ಓದಿ, ಪ್ರೋಗ್ರಾಂ ಬರೆದು ಬದುಕುತ್ತಿರುವವನು. ಎರಡು, ಆರು, ಹದಿನೆಂಟು ಎಂಬ ಈ ಮೂರು ಉತ್ತರಗಳನ್ನು ಮೊದಲ ಸಲ ಒಟ್ಟಿಗೆ ಕಂಡ ದಿನದಿಂದ ಒಂದು ಯೋಚನೆ ನನ್ನನ್ನು ಬಿಟ್ಟಿಲ್ಲ. ಕಂಪ್ಯೂಟರಿನ ಭಾಷೆಯೂ ಭಾಷೆಯೇ. ಅದನ್ನು ಕಲಿಯುವುದೆಂದರೆ ಇನ್ನೊಬ್ಬರ ಮನಸ್ಸು ಓಡುವ ದಾರಿಯನ್ನು ಕಲಿಯುವುದು. ಹಾಗಿದ್ದರೆ ನಮ್ಮ ಮನಸ್ಸು ಓಡುವ ದಾರಿಗೆ ಅಲ್ಲಿ ಜಾಗವೆಲ್ಲಿ?

ಹೇಳಲೇಬೇಕಾದದ್ದು, ಬಿಡಬಹುದಾದದ್ದು

ಔರಾದ ಗಡಿ ತಾಲ್ಲೂಕು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಮನೆಯಲ್ಲಿ ಕನ್ನಡ, ಪಕ್ಕದ ಓಣಿಯಲ್ಲಿ ಮರಾಠಿ, ಬಜಾರಿನಲ್ಲಿ ದಖನಿ ಉರ್ದು, ಸಂತೆಗೆ ಬಂದವರ ಬಾಯಲ್ಲಿ ತೆಲುಗು, ತಾಂಡಾದಲ್ಲಿ ಲಂಬಾಣಿ. ಇಲ್ಲಿನ ಮಗು ಶಾಲೆಗೆ ಹೋಗುವ ಮೊದಲೇ ಎರಡು ಮೂರು ನುಡಿಗಳಲ್ಲಿ ಜಗಳವಾಡಿ ರಾಜಿಯಾಗಿರುತ್ತದೆ.

‘ನಾವು ಜಾತ್ರೆಗೆ ಹೋಗುತ್ತೇವೆ’ ಎಂದು ಕನ್ನಡದಲ್ಲಿ ಹೇಳಿದರೆ, ಕೇಳುತ್ತಿರುವ ನೀವೂ ಅದರಲ್ಲಿ ಸೇರಿದ್ದೀರೋ ಇಲ್ಲವೋ ಆ ಪದವೊಂದರಿಂದಲೇ ತಿಳಿಯುವುದಿಲ್ಲ. ಮರಾಠಿ ಬಿಡುವುದಿಲ್ಲ. ನೀವೂ ಸೇರಿದ್ದರೆ ‘ಆಪಣ’, ಸೇರಿರದಿದ್ದರೆ ‘ಆಮ್ಹಿ’. ತೆಲುಗಿನಲ್ಲೂ ಹಾಗೆಯೇ, ‘ಮನಂ’ ಬೇರೆ, ‘ಮೇಮು’ ಬೇರೆ. ಇನ್ನು ದಖನಿಯ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು. ಕ್ರಿಯಾಪದ ಕಿವಿಗೆ ಬಿದ್ದ ಮೇಲೆ ಯಾವುದೆಂದು ಗೊತ್ತಾಗುತ್ತದೆ. ಕನ್ನಡದಲ್ಲಿ ನಿನ್ನೆಗೂ ನಾಳೆಗೂ ಬೇರೆ ಬೇರೆ ಪದ. ಪ್ರತಿ ನುಡಿಯೂ ಕೆಲವನ್ನು ಹೇಳಲೇಬೇಕೆಂದು ಹಟ ಹಿಡಿಯುತ್ತದೆ, ಕೆಲವನ್ನು ಕೇಳುವವರ ಊಹೆಗೆ ಬಿಡುತ್ತದೆ.

ಪ್ರೋಗ್ರಾಮಿಂಗ್ ಭಾಷೆ ಕಟ್ಟುವವರ ಮುಂದೆಯೂ ಇರುವುದು ಇದೇ ಪ್ರಶ್ನೆ. ಈ ಹೆಸರಿನಡಿ ಇಡುವುದು ಪೂರ್ಣಾಂಕವೋ ದಶಾಂಶವೋ ಎಂದು ಸಿ ಭಾಷೆಯಲ್ಲಿ ಮೊದಲೇ ಸಾರಬೇಕು. ಪೈಥಾನ್ ಅದನ್ನು ಕೇಳುವುದಿಲ್ಲ, ಪ್ರೋಗ್ರಾಂ ಓಡುವಾಗ ತಾನೇ ನೋಡಿಕೊಳ್ಳುತ್ತದೆ. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆಯದು ಇನ್ನೊಂದು ಹಟ. ಮೆಮೊರಿಯಲ್ಲಿ ಇಟ್ಟ ಪ್ರತಿ ವಸ್ತುವಿಗೂ ಒಡೆಯ ಒಬ್ಬನೇ ಇರಬೇಕು, ಅದು ಯಾರೆಂದು ಗೊತ್ತಾಗಲೇಬೇಕು. ರಸ್ಟ್ ಕಲಿಯುವಾಗ ಎಷ್ಟೋ ಜನ ಸುಸ್ತಾಗುತ್ತಾರೆ. ನನಗೆ ಆಗ ನೆನಪಾದದ್ದು ಮರಾಠಿಯ ‘ಆಪಣ’ ಮತ್ತು ‘ಆಮ್ಹಿ’. ಒಂದು ಭಾಷೆ ಕೇಳದೇ ಬಿಟ್ಟದ್ದನ್ನು ಇನ್ನೊಂದು ಭಾಷೆ ಕೇಳಿಯೇ ಕೇಳುತ್ತದೆ ಎಂಬುದು ನಮ್ಮ ಓಣಿಯಲ್ಲಿ ಆಡುತ್ತಲೇ ಕಲಿತ ಪಾಠ.

‘ಇಂದ’, ‘ಗೆ’ ಮತ್ತು ಕೊನೆಗೆ ಬರುವ ಕೆಲಸ

‘ಬೀದರ್‌ನಿಂದ ಭಾಲ್ಕಿಗೆ ಮೂರು ಚೀಲ ತೊಗರಿ ಕಳಿಸು.’ ಇದನ್ನೇ ‘ಭಾಲ್ಕಿಗೆ ತೊಗರಿ ಮೂರು ಚೀಲ ಬೀದರ್‌ನಿಂದ ಕಳಿಸು’ ಎಂದರೂ ಚೀಲಗಳು ಭಾಲ್ಕಿಗೇ ಹೋಗುತ್ತವೆ. ವಿಭಕ್ತಿ ಪ್ರತ್ಯಯ ಪದದ ಬೆನ್ನಿಗೇ ಅಂಟಿಕೊಂಡಿರುವುದರಿಂದ ಪದ ಎಲ್ಲಿ ಕೂತರೂ ಅದರ ಪಾತ್ರ ಬದಲಾಗುವುದಿಲ್ಲ.

ಸಿ ಭಾಷೆಯಲ್ಲಿ ಪಾತ್ರವನ್ನು ತೀರ್ಮಾನಿಸುವುದು ಕೂತ ಜಾಗ. ಒಂದು ಪಠ್ಯವನ್ನು ಇನ್ನೊಂದು ಕಡೆಗೆ ನಕಲು ಮಾಡುವ ‘ಸ್ಟ್ರಿಂಗ್ ಕಾಪಿ’ ಆದೇಶಕ್ಕೆ ಮೊದಲು ‘ಎಲ್ಲಿಗೆ’, ಆಮೇಲೆ ‘ಎಲ್ಲಿಂದ’ ಎಂದು ಹೇಳಬೇಕು. ಅದರ ಜತೆಯಲ್ಲೇ ಬೆಳೆದ ಯುನಿಕ್ಸ್ ವ್ಯವಸ್ಥೆಯಲ್ಲಿ ಫೈಲ್ ನಕಲು ಮಾಡುವ ಆದೇಶಕ್ಕೆ ಮೊದಲು ‘ಎಲ್ಲಿಂದ’, ಆಮೇಲೆ ‘ಎಲ್ಲಿಗೆ’. ಒಂದೇ ಮನೆಯಲ್ಲಿ ಎರಡು ಪದ್ಧತಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹೀಗೆಯೇ ಹಿಂದುಮುಂದು ಮಾಡಿ, ಹೊಸ ದಾಖಲೆಗಳ ಮೇಲೆ ಹಳೆಯದನ್ನು ಬರೆದುಬಿಟ್ಟೆ. ಯಂತ್ರ ತುಟಿ ಬಿಚ್ಚಲಿಲ್ಲ. ಅದರ ಪ್ರಕಾರ ನಾನು ಕೊಟ್ಟದ್ದು ಸರಿಯಾದ ಆದೇಶವೇ. ಅಂದು ರಾತ್ರಿ ಕೂತು ಎಲ್ಲವನ್ನೂ ಸರಿಪಡಿಸುವಾಗ, ಈ ಭಾಷೆಗೆ ಒಂದು ‘ಇಂದ’, ಒಂದು ‘ಗೆ’ ಇದ್ದಿದ್ದರೆ ಎಂದು ಮನಸಾರೆ ಅನ್ನಿಸಿತು.

ಇದೇ ಕೊರತೆಯನ್ನು ಕಂಡವರು ಬೇರೆಡೆಯೂ ಇದ್ದರು. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ, ಅಡೆಲ್ ಗೋಲ್ಡ್‌ಬರ್ಗ್, ಡ್ಯಾನ್ ಇಂಗಲ್ಸ್ ಮತ್ತು ಸಂಗಡಿಗರು ಕಟ್ಟಿದ ಸ್ಮಾಲ್‌ಟಾಕ್ ಭಾಷೆಯಲ್ಲಿ ಆದೇಶಕ್ಕೆ ಕೊಡುವ ಒಂದೊಂದು ವಸ್ತುವಿನ ಮುಂದೆಯೂ ಅದರ ಪಾತ್ರವನ್ನು ಸೂಚಿಸುವ ಪದ ಇರುತ್ತದೆ. ಪೈಥಾನ್‌ನಲ್ಲೂ ಬೇಕಾದರೆ ಹಾಗೆ ಹೆಸರಿಟ್ಟು ಕೊಡಬಹುದು, ಆಗ ಕ್ರಮ ಹೇಗಿದ್ದರೂ ನಡೆಯುತ್ತದೆ. ವಿಭಕ್ತಿ ಪ್ರತ್ಯಯ ಮಾಡುವ ಕೆಲಸ ಇದೇ ಅಲ್ಲವೆ?

ಕನ್ನಡದ ಇನ್ನೊಂದು ಸ್ವಭಾವವೆಂದರೆ ಕ್ರಿಯಾಪದ ಕೊನೆಗೆ ಬರುವುದು. ‘ಮೂರಕ್ಕೆ ನಾಲ್ಕು ಕೂಡಿಸು.’ ಸಾಮಾನು ಮೊದಲು, ಕೆಲಸ ಆಮೇಲೆ. ಚಾರ್ಲ್ಸ್ ಮೂರ್ ರೂಪಿಸಿ, 1970ರ ಸುಮಾರಿಗೆ ಅಮೆರಿಕದ ಕಿಟ್ ಪೀಕ್‌ನ ರೇಡಿಯೊ ದೂರದರ್ಶಕವನ್ನು ನಡೆಸಲು ಬಳಸಿದ ಫೋರ್ತ್ ಭಾಷೆಯ ಕ್ರಮವೂ ಅದೇ: ಮೂರು, ನಾಲ್ಕು, ಕೂಡಿಸು. ಇಂಗ್ಲಿಷ್ ಮಾತಿಗೆ ಒಗ್ಗಿದವರಿಗೆ ಇದು ತಿರುವುಮುರುವಾಗಿ ಕಾಣುತ್ತದೆ. ಜಪಾನಿಯರಿಗೆ ಹಾಗೆ ಕಾಣಲಿಲ್ಲ, ಅವರ ನುಡಿಯಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. 1985ರಲ್ಲಿ ಅಲ್ಲಿ ಫೋರ್ತ್‌ನ ಮಾದರಿಯಲ್ಲಿ, ಜಪಾನಿ ಪದಗಳಲ್ಲೇ ಬರೆಯುವ ಒಂದು ಭಾಷೆ ಬಂತು. ಅದಕ್ಕೆ ಅವರಿಟ್ಟ ಹೆಸರು ‘ಮೈಂಡ್’. ಮನಸ್ಸು!

ಮನಸ್ಸನ್ನು ಅರಿಯಲು ಹುಟ್ಟಿದ ಭಾಷೆಗಳು

ಕಂಪ್ಯೂಟರ್ ಭಾಷೆಗಳ ಚರಿತ್ರೆಯಲ್ಲಿ ಲೆಕ್ಕಪತ್ರಕ್ಕಾಗಿ, ವಿಜ್ಞಾನದ ಗಣಿತಕ್ಕಾಗಿ ಹುಟ್ಟಿದವು ಬಹಳ. ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲದಿಂದ ಹುಟ್ಟಿದವೂ ಇವೆ. ‘ಕೃತಕ ಬುದ್ಧಿಮತ್ತೆ’ ಎಂಬ ಹೆಸರನ್ನು 1955ರಲ್ಲಿ ಮುಂದಿಟ್ಟ ಜಾನ್ ಮೆಕಾರ್ಥಿ ಅವರೇ 1958ರಲ್ಲಿ ಲಿಸ್ಪ್ ಭಾಷೆಯನ್ನು ರೂಪಿಸತೊಡಗಿದರು. ಅದರಲ್ಲಿ ಪ್ರೋಗ್ರಾಮೂ ಒಂದು ಪಟ್ಟಿ, ಅದು ಕೈಯಾಡಿಸುವ ಮಾಹಿತಿಯೂ ಒಂದು ಪಟ್ಟಿ. ಹಾಗಾಗಿ ಪ್ರೋಗ್ರಾಂ ತನ್ನಂಥದೇ ಇನ್ನೊಂದನ್ನು ಓದಬಲ್ಲದು, ಬರೆಯಬಲ್ಲದು. 1972ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಅಲೆನ್ ಕೊಲ್ಮೆರೌವರ್ ಮತ್ತು ಫಿಲಿಪ್ ರೂಸೆಲ್ ಪ್ರೊಲಾಗ್ ಕಟ್ಟಿದ್ದು ಫ್ರೆಂಚ್ ಮಾತನ್ನು ಯಂತ್ರಕ್ಕೆ ಅರ್ಥಮಾಡಿಸುವ ಹಂಬಲದಿಂದ.

ಮೂರನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದ ಲೋಗೋ. 1967ರಲ್ಲಿ ವಾಲಿ ಫೋಯರ್‌ಝೈಗ್, ಸೈಮರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಇದನ್ನು ಮಕ್ಕಳಿಗಾಗಿ ಮಾಡಿದರು. ಪ್ಯಾಪರ್ಟ್ ಗಣಿತಜ್ಞರು, ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ಜಿನೀವಾದಲ್ಲಿ ಜೀನ್ ಪಿಯಾಜೆ ಅವರ ಜತೆ ಕೆಲಸ ಮಾಡಿ ಕಂಡವರು. ಲೋಗೋದಲ್ಲಿ ಒಂದು ಆಮೆ ಇರುತ್ತದೆ. ಮುಂದೆ 100, ಬಲಕ್ಕೆ 90 ಎಂದು ನಾಲ್ಕು ಸಲ ಹೇಳಿದರೆ ಅದು ಚೌಕ ಬರೆಯುತ್ತದೆ. ಸಮಭುಜ ತ್ರಿಕೋನ ಬರೆಸು ಎಂದರೆ ಮಕ್ಕಳು ಸಾಮಾನ್ಯವಾಗಿ 60 ಡಿಗ್ರಿ ತಿರುಗಿಸುತ್ತಾರೆ, ಆಕೃತಿ ಮುಚ್ಚಿಕೊಳ್ಳುವುದಿಲ್ಲ. ಆಗ ಪುಸ್ತಕ ಬಿಟ್ಟು ಎದ್ದು, ತಾವೇ ಆಮೆಯಾಗಿ ಅಂಗಳದಲ್ಲಿ ನಡೆದು ನೋಡಿದರೆ, ಮೂಲೆಯಲ್ಲಿ ತಿರುಗಬೇಕಾದದ್ದು 120 ಎಂದು ಮೈಗೇ ತಿಳಿಯುತ್ತದೆ. ಬೀದರ್ ಹಳೆಯ ಊರಿನ ಚೌಬಾರಾ ಗೋಪುರವನ್ನು ಒಂದು ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದು, ಹೊರಟ ದಿಕ್ಕಿಗೇ ಮುಖ ಮಾಡಿ ನಿಂತರೆ ನೀವು ತಿರುಗಿದ್ದು ಒಟ್ಟು 360 ಡಿಗ್ರಿ. ತ್ರಿಕೋನಕ್ಕೂ ಚೌಕಕ್ಕೂ ಚೌಬಾರಾಕ್ಕೂ ಒಂದೇ ನಿಯಮ. ಹೀಗೆ ಮೈಯಿಂದ ಮನಸ್ಸಿಗೆ ಬರುವ ಅರಿವನ್ನು ನಂಬಿ ಕಟ್ಟಿದ ಭಾಷೆ ಅದು. ಡಾ. ಯು.ಬಿ. ಪವನಜ ಅವರು ಇದನ್ನು ಕನ್ನಡಕ್ಕೆ ತಂದರು. ಕನ್ನಡ ಆದೇಶಕ್ಕೆ ಆಮೆ ನಡೆಯಬಲ್ಲದು ಎಂದು ತೋರಿಸಿದ ಆ ಕೆಲಸ ಇನ್ನೂ ಹೆಚ್ಚು ಶಾಲೆಗಳಿಗೆ ತಲುಪಬೇಕಿತ್ತು.

ನಾಲಿಗೆಯ ಮೇಲಿನ ಮಣ್ಣು

ಊರಿಗೆ ಹೋದಾಗಲೆಲ್ಲ ಬಿದ್ರಿ ಕೆಲಸ ನೋಡುತ್ತ ನಿಲ್ಲುವುದು ನನ್ನ ಅಭ್ಯಾಸ. ಸತುವು ಹೆಚ್ಚು, ತಾಮ್ರ ಸ್ವಲ್ಪ ಸೇರಿದ ಮಿಶ್ರಲೋಹವನ್ನು ಎರಕ ಹೊಯ್ದು, ಉಜ್ಜಿ, ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಚಿತ್ತಾರ ಗೀರುತ್ತಾರೆ. ಗೀರಿದ್ದನ್ನು ಉಳಿಯಿಂದ ಕೊರೆದು ಬೆಳ್ಳಿಯ ತಂತಿ, ತಗಡು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿ ನೀರಿನ ಸಂಸ್ಕಾರ. ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ.

ಇಷ್ಟನ್ನೂ ಸಾಲಾಗಿ ಬರೆದುಕೊಂಡರೆ ಒಂದು ಪ್ರೋಗ್ರಾಂ ಸಿದ್ಧವಾದಂತೆ ಕಾಣುತ್ತದೆ. ಆದರೆ ಯಾವ ಮಣ್ಣು? ಮಳೆ ಬಿಸಿಲು ಕಾಣದೆ ವರ್ಷಗಟ್ಟಲೆ ಉಳಿದ ಮಣ್ಣನ್ನು ಕುಶಲಕರ್ಮಿ ಚಿಟಿಕೆಯಷ್ಟು ನಾಲಿಗೆಗೆ ಇಟ್ಟು ನೋಡಿ ಆರಿಸುತ್ತಾರೆ. ಆ ರುಚಿಯನ್ನು ಬರೆಯುವ ವಾಕ್ಯ ಯಾವ ಭಾಷೆಯಲ್ಲಿದೆ? 1980ರ ದಶಕದಲ್ಲಿ ತಜ್ಞರ ತಿಳಿವಳಿಕೆಯನ್ನೆಲ್ಲ ‘ಹೀಗಿದ್ದರೆ ಹಾಗೆ ಮಾಡು’ ಎಂಬ ನಿಯಮಗಳಾಗಿ ಬರೆದಿಡುವ ದೊಡ್ಡ ಪ್ರಯತ್ನಗಳು ನಡೆದವು. ಅವು ಸೊರಗಿದ್ದಕ್ಕೆ ಒಂದು ಮುಖ್ಯ ಕಾರಣ ಇದೇ. ಬಲ್ಲವರಿಗೆ ತಾವು ಬಲ್ಲದ್ದನ್ನೆಲ್ಲ ಹೇಳಲು ಬರುವುದಿಲ್ಲ. ಪದ್ಮಶ್ರೀ ಗೌರವ 2023ರಲ್ಲಿ ಬೀದರ್‌ನ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಬಂದಾಗ ನನಗೆ ಸಂತೋಷವಾದದ್ದು ಈ ಕಾರಣಕ್ಕೂ ಹೌದು. ಬೆರಳಲ್ಲಿ, ನಾಲಿಗೆಯಲ್ಲಿ ಇರುವುದೂ ಬುದ್ಧಿಯೇ ಎಂದು ಅದು ಒಪ್ಪಿಕೊಂಡಂತೆ.

ಇಂದಿನ ಕೃತಕ ಬುದ್ಧಿಮತ್ತೆ ನಿಯಮಗಳ ದಾರಿ ಬಿಟ್ಟು ಉದಾಹರಣೆಗಳ ದಾರಿ ಹಿಡಿದಿದೆ. ಅಪಾರ ಬರಹವನ್ನು ಓದಿಸಿದ ಭಾಷಾ ಮಾದರಿಗೆ ಕನ್ನಡದಲ್ಲಿ ಹೇಳಿದರೂ ಅದು ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದುಕೊಡುತ್ತದೆ. ಹಾಗಾದರೆ ಪ್ರೋಗ್ರಾಮಿಂಗ್ ಭಾಷೆ ಇನ್ನೇಕೆ ಎಂದು ಭಾಲ್ಕಿಯ ಹುಡುಗನೊಬ್ಬ ನನ್ನನ್ನು ಕೇಳಿದ. ನನ್ನ ಉತ್ತರ ಇಷ್ಟೇ: ನಮಗೆ ಏನು ಬೇಕೆಂದು ನಮಗೇ ಪೂರ್ತಿ ಗೊತ್ತಿದೆಯೇ ಎಂದು ಪರೀಕ್ಷಿಸಲು ಅದು ಬೇಕು. ಮಾತಿನಲ್ಲಿ ‘ಕಲ್’ ಎಂದು ತೇಲಿಸಿ ಬಿಡಬಹುದು. ಪ್ರೋಗ್ರಾಮಿನಲ್ಲಿ ನಿನ್ನೆಯೋ ನಾಳೆಯೋ ಎಂದು ಹೇಳಿಯೇ ತೀರಬೇಕು. ಆ ಒತ್ತಾಯದಲ್ಲೇ ಯೋಚನೆ ಹದವಾಗುತ್ತದೆ.

ಈ ಮಾದರಿಗಳ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಅವು ಕಲಿಯುವುದು ಬರೆದಿಟ್ಟದ್ದರಿಂದ. ಇಂಗ್ಲಿಷ್ ಬರಹದ ಮುಂದೆ ಅವುಗಳಿಗೆ ಸಿಕ್ಕ ಕನ್ನಡ ತೀರ ಸ್ವಲ್ಪ. ಅದರಲ್ಲೂ ನಮ್ಮ ಬೀದರ್ ಕಡೆಯ ಮಾತು, ಬಿದ್ರಿಯವರ ಪದಗಳು, ತೊಗರಿ ಬೆಳೆಯುವವರ ಪದಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬರೆಯದೆ ಉಳಿದದ್ದು ಆ ಬುದ್ಧಿಯ ಲೆಕ್ಕಕ್ಕೇ ಬರುವುದಿಲ್ಲ.

ಪಟ್ಟದ್ದೇವರ ಶಾಲೆ

ಭಾಲ್ಕಿಯಲ್ಲಿ ಬೆಳೆದ ಯಾರಿಗೂ ಡಾ. ಚನ್ನಬಸವ ಪಟ್ಟದ್ದೇವರ ಕಥೆ ಹೊಸದಲ್ಲ. 1889ರಲ್ಲಿ ಕಮಲನಗರದಲ್ಲಿ ಹುಟ್ಟಿ, ಭಾಲ್ಕಿ ಹಿರೇಮಠದ ಹೊಣೆ ಹೊತ್ತು, 1999ರವರೆಗೆ ಬಾಳಿದ ಹಿರಿಯರು. ನಿಜಾಮರ ಆಳ್ವಿಕೆಯಲ್ಲಿ ಆಡಳಿತವೂ ಶಿಕ್ಷಣವೂ ಉರ್ದುವಿನಲ್ಲಿದ್ದಾಗ ಅವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ, ಒಳಗೆ ಕನ್ನಡ ಕಲಿಸಿದರು. ಉರ್ದುವಿನ ಮೇಲೆ ಅವರಿಗೆ ಹಗೆಯಿರಲಿಲ್ಲ. ಮಗು ಯೋಚಿಸುವ ನುಡಿಯಲ್ಲೇ ಪಾಠ ನಡೆಯಬೇಕು ಎಂಬ ಹಟವಿತ್ತು.

ನಮ್ಮ ಕಂಪ್ಯೂಟರ್ ಪಾಠದ ಹೊರಗಿನ ಬೋರ್ಡು ಈಗ ಇಂಗ್ಲಿಷಿನದು. ಅದು ಎಷ್ಟು ದೊಡ್ಡದು ಎಂದು ಎಣಿಸಿ ನೋಡಿದ್ದೇನೆ. 1989ರ ಸಿ ಭಾಷೆಯಲ್ಲಿ ಮೀಸಲು ಪದಗಳು 32. ಪೈಥಾನ್‌ನಲ್ಲಿ 35. ಉಳಿದ ಹೆಸರುಗಳಲ್ಲಿ ಹೆಚ್ಚಿನವನ್ನು ಬರೆಯುವವರೇ ಇಡುತ್ತಾರೆ. 2008ರಲ್ಲಿ ಬಂದ ಪೈಥಾನ್ 3ರಿಂದ ಆ ಹೆಸರುಗಳು ಕನ್ನಡದಲ್ಲೂ ಇರಬಹುದು. ‘ಬೆಲೆ’, ‘ಚೀಲ’, ‘ಕೂಡಿಸು’ ಎಂದು ಇಂದೇ ಬರೆದರೆ ಇಂದೇ ಓಡುತ್ತದೆ. ಮೂವತ್ತೈದು ಪದಗಳ ಬೋರ್ಡಿಗೆ ಅಂಜಿ ನಮ್ಮ ಮಕ್ಕಳು ಬಾಗಿಲಲ್ಲೇ ನಿಲ್ಲಬೇಕಾಗಿಲ್ಲ.

ಬೀದರ್, ಭಾಲ್ಕಿ, ಔರಾದದ ಶಿಕ್ಷಕರಲ್ಲಿ ನನ್ನ ಬೇಡಿಕೆ ಒಂದೇ. ಮೊದಲ ದಿನ ಕಂಪ್ಯೂಟರ್ ಹಚ್ಚಬೇಡಿ. ಒಂದು ಕೆಲಸವನ್ನು ಹ್ಯಾಂಗ ಮಾಡತೀ ಎಂದು ಮಗುವನ್ನು ಕೇಳಿ. ಎಲ್ಲಿಂದ, ಎಲ್ಲಿಗೆ, ಎಷ್ಟು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಅದರ ಮನೆಮಾತಿನಲ್ಲೇ ಹೇಳಿಸಿ, ಬರೆಸಿ. ಆಮೇಲೆ ಪೈಥಾನ್ ತೆರೆಯಿರಿ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದಾಗ ಪಟ್ಟದ್ದೇವರ ಶಾಲೆಯಲ್ಲಿ ಬದಲಾಗಬೇಕಾದದ್ದು ಹೊರಗಿನ ಬೋರ್ಡು ಮಾತ್ರ. ಒಳಗಿನ ಪಾಠ ಅದಾಗಲೇ ಕನ್ನಡದಲ್ಲಿತ್ತು.